ಬೀಡಿಗೆ ಹೆಬ್ಬಾಗಿಲು, ರೋಗಿಗೆ ಬೀಗ

ಪ್ರತಿವರ್ಷ ಮೇ 31ನೆಯ ತಾರೀಖು ಬಂತೆಂದರೆ ತಂಬಾಕಿನ ವಿರುದ್ಧ ಭಾಷಣ ಮಾಡತಕ್ಕವರಿಗೆ ನಮ್ಮ ಬಳ್ಳಾರಿಯಲ್ಲಿ ಬಿಡುವೇ ಇರುವುದಿಲ್ಲ. ಈಚೆಗೆ ಅಂಥದೊಂದು ಸಭೆಗೆ ನಾನೂ ಹೋಗಿದ್ದೆ. ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದ ಮೇಷ್ಟರಿಗೆ ಇಂಥ ಸಭೆಗಳಲ್ಲಿ ಎರಡನೆಯ ಸಾಲಿನ ಕುರ್ಚಿಯೊಂದು ತಪ್ಪುವುದಿಲ್ಲ. ಭಾಷಣಕಾರರು ವಿದ್ಯಾವಂತರು, ಸಜ್ಜನರು. ಅವರ ಉದ್ದೇಶದ ಬಗ್ಗೆ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಬೀಡಿ, ಸಿಗರೇಟು, ಗುಟ್ಕಾ ಎಲ್ಲವನ್ನೂ ಹಳಿದು, ಕೊನೆಗೆ ಇ-ಸಿಗರೇಟಿನ ಮಾತಿಗೆ ಬಂದರು. ಆ ಹೊಸ ಪಿಶಾಚಿಯನ್ನು ನಮ್ಮ ದೇಶ ಹೊಸಿಲಿನಲ್ಲೇ ತಡೆದು ನಿಲ್ಲಿಸಿದೆ, ಆ ವಿಷಯದಲ್ಲಿ ಇನ್ನು ಮಾತಾಡತಕ್ಕದ್ದೇನೂ ಉಳಿದಿಲ್ಲ ಎಂದರು. ಸಭೆ ಚಪ್ಪಾಳೆ ತಟ್ಟಿತು. ನನಗೆ ತಟ್ಟಲಾಗಲಿಲ್ಲ. ಹೊರಗೆ ಬಂದೆ. ಎದುರಿಗೇ ಒಂದು ಬೀಡಾ ಅಂಗಡಿ. ಅಲ್ಲಿ ಬೀಡಿಯ ಕಟ್ಟುಗಳು ಸಾಲಾಗಿ ಕುಳಿತಿದ್ದವು. ಅವನ್ನು ಯಾರೂ ಯಾವ ಹೊಸಿಲಿನಲ್ಲೂ ತಡೆದಿರಲಿಲ್ಲ.

ಮಾತಾಡತಕ್ಕದ್ದು ಉಳಿದಿದೆ. ಅದನ್ನು ಹೇಳುವುದಕ್ಕಾಗಿಯೇ ಈ ಬರಹ. ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಾನು ತಂಬಾಕಿನ ವಕೀಲನಲ್ಲ. ಜನ್ಮದಲ್ಲಿ ಒಂದು ಬೀಡಿಯನ್ನೂ ಬಾಯಿಗಿಟ್ಟವನಲ್ಲ. ಶಾಲೆಯ ಹುಡುಗರ ಕೈಗೆ ಹಣ್ಣಿನ ವಾಸನೆಯ ಹೊಗೆಯಂತ್ರ ಸಿಗಬೇಕೆಂದು ನಾನು ಹೇಳಿದರೆ ನನ್ನ ಹಳೆಯ ವಿದ್ಯಾರ್ಥಿಗಳೇ ನನ್ನನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಿಯಾರು. ನಾನು ಹೇಳಹೊರಟಿರುವುದು ಒಂದೇ ಒಂದು ವರ್ಗದ ಜನರ ವಿಷಯ: ಕ್ಯಾನ್ಸರ್ ಬಂದಿದೆಯೆಂದು ಗೊತ್ತಾದ ಮೇಲೂ ಸೇದುವುದನ್ನು ಬಿಡಲಾರದವರ ವಿಷಯ. ನಮ್ಮ ಅಣ್ಣ ಅಂಥವನಾಗಿದ್ದ.

ಕೌಲ್ ಬಜಾರನ್ನು ಬಳ್ಳಾರಿಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೊರಗಿನವರಿಗೆ ಹೇಳುವುದಾದರೆ, ಅದು ಇಂಗ್ಲಿಷರ ದಂಡು ಇಲ್ಲಿದ್ದ ಕಾಲದ ಪೇಟೆ. ಕನ್ನಡ, ತೆಲುಗು, ಉರ್ದು, ತಮಿಳು ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಒಬ್ಬನೇ ಮನುಷ್ಯ ನಾಲ್ಕರಲ್ಲೂ ಜಗಳವಾಡಬಲ್ಲ. ಈಗಿನ ಬಳ್ಳಾರಿಗೆ ಹೆಸರು ತಂದಿರುವ ಜೀನ್ಸ್ ಬಟ್ಟೆಯ ಹೊಲಿಗೆಯ ಸದ್ದು ಇಲ್ಲಿನ ಮನೆಮನೆಗಳಿಂದ ಬರುತ್ತದೆ. ಅಣ್ಣ ಅಂಥದೊಂದು ಕಡೆ ಕಟಿಂಗ್ ಮಾಸ್ಟರಾಗಿದ್ದ. ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಮಾಡತಕ್ಕ ಕೆಲಸ. ಬಟ್ಟೆಯ ರಾಶಿಯ ನಡುವೆ ಬೆಂಕಿ ಕೂಡದೆಂದು ಹೊರಗೆ ಬಂದು ಸೇದುತ್ತಿದ್ದ; ಆ ಐದು ನಿಮಿಷವೇ ಅವನ ವಿಶ್ರಾಂತಿ. ನಮ್ಮ ಊರಿನ ಬಿಸಿಲಿನಲ್ಲಿ, ಗೋಡೆಯ ಒಂದು ಗೇಣು ನೆರಳಿನಲ್ಲಿ, ನಾಲ್ಕು ಜನ ಜೊತೆಗಾರರೊಡನೆ ಒಂದು ಬೀಡಿ. ಹದಿನೇಳನೆಯ ವಯಸ್ಸಿನಲ್ಲಿ ಹಿಡಿದದ್ದು ನಲವತ್ತು ವರ್ಷ ಬಿಡಲಿಲ್ಲ. ನಾನು ಎಷ್ಟು ಬೈದೆನೆಂಬುದಕ್ಕೆ ಲೆಕ್ಕವಿಲ್ಲ. ಅವನು ನನ್ನ ಫೀಜು ಕಟ್ಟಿ ಓದಿಸಿದವನು; ನಾನು ಓದಿದ್ದನ್ನೆಲ್ಲ ಅವನಿಗೆ ಉಪದೇಶ ಮಾಡುವುದಕ್ಕೆ ಬಳಸಿದೆ.

2022ರ ಬೇಸಿಗೆಯಲ್ಲಿ ಅವನ ದನಿ ಒಡೆಯಿತು. ಶೀತವೆಂದುಕೊಂಡೆವು. ಎರಡು ತಿಂಗಳಾದರೂ ದನಿ ಬರಲಿಲ್ಲ. ಗಂಟಲಿನ ಪೆಟ್ಟಿಗೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ದೊಡ್ಡ ಊರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ, ಏಕೆಂದರೆ ಅಲ್ಲಿ ನಡೆದದ್ದು ಎಲ್ಲಿಯಾದರೂ ನಡೆಯುವಂಥದು. ಏಳು ವಾರ ರೇಡಿಯೇಷನ್ ಕೊಡಬೇಕೆಂದರು. ವೈದ್ಯರು ಕೇಳಿದರು: ‘ಬೀಡಿ ಸೇದುತ್ತೀರಾ?’ ಅಣ್ಣ ತಲೆಯಾಡಿಸಿದ. ಚೀಟಿಯಲ್ಲಿ ಬರೆದುಕೊಂಡರು. ‘ಬಿಟ್ಟುಬಿಡಿ’ ಎಂದರು. ಮುಂದಿನ ರೋಗಿಯನ್ನು ಕರೆದರು. ನಲವತ್ತು ವರ್ಷದ ವ್ಯಸನಕ್ಕೆ ಸಂದ ಚಿಕಿತ್ಸೆ ಅಷ್ಟು: ಒಂದು ಮಾತು, ಅದೂ ಬಾಗಿಲ ಕಡೆ ನೋಡುತ್ತ. ವೈದ್ಯರನ್ನು ನಾನು ದೂರುವುದಿಲ್ಲ. ಹೊರಗೆ ಬೆಂಚಿನ ಮೇಲೆ ಅರವತ್ತು ಜನ ಕಾದಿದ್ದರು.

ಅಣ್ಣ ಪ್ರಯತ್ನ ಮಾಡಲಿಲ್ಲವೆಂದು ಯಾರೂ ತಿಳಿಯಬಾರದು. ಮೂರು ದಿನ ಬಿಟ್ಟ. ನಾಲ್ಕನೆಯ ದಿನ ಕೈ ನಡುಗಿತು, ನಿದ್ದೆ ಹೋಯಿತು, ಊಟದ ತಟ್ಟೆಯನ್ನು ನೂಕಿದ. ಐದನೆಯ ದಿನ ಆಸ್ಪತ್ರೆಯ ಬಚ್ಚಲಿನಲ್ಲಿ ಸಿಕ್ಕಿಬಿದ್ದ. ಆಯಾ ಬಂದು ನನಗೆ ಹೇಳಿದಳು. ನಾನು ಬೈದೆ. ಅವನು ಒಡೆದ ದನಿಯಲ್ಲಿ, ‘ಏನ್ ಮಾಡ್ಲೋ ತಮ್ಮಾ, ಕೈ ತಾನಾಗೇ ಜೇಬಿಗೆ ಹೋಗ್ತೈತಿ’ ಎಂದ. ಬೀಡಿಯ ಕಟ್ಟಿನ ಮೇಲೆ ಸರ್ಕಾರ ಅಚ್ಚುಹಾಕಿಸಿದ ಕ್ಯಾನ್ಸರಿನ ಚಿತ್ರವಿತ್ತು. ಅದರ ಹತ್ತಿರವೇ ಬಿಡಲು ಸಹಾಯ ಬೇಕಾದರೆ 1800-11-2356ಕ್ಕೆ ಕರೆಮಾಡಿ ಎಂದಿತ್ತು. ಒಳ್ಳೆಯ ಏರ್ಪಾಡೇ ಸರಿ. ಆದರೆ ದನಿ ಹೋದ ಮನುಷ್ಯ ದೂರವಾಣಿಯಲ್ಲಿ ಏನೆಂದು ಮಾತಾಡಬೇಕು?

ಅಣ್ಣನ ಮಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ಆ ವಾರ ರಾತ್ರಿ ಕರೆಮಾಡಿದ. ‘ಚಿಕ್ಕಪ್ಪ, ಇಲ್ಲಿ ಸಿಗರೇಟು ಬಿಡೋಕ್ಕಾಗದವರಿಗೆ ಇ-ಸಿಗರೇಟು ಆಗಬಹುದು ಅಂತ ಆರೋಗ್ಯ ಇಲಾಖೆಯವರೇ ಹೇಳ್ತಾರೆ. ಹೊಗೆ ಇಲ್ಲ, ನಿಕೋಟಿನ್ ಮಾತ್ರ. ಮುಂದಿನ ತಿಂಗಳು ಬರ್ತೀನಲ್ಲ, ಅಪ್ಪನಿಗೆ ಒಂದು ತರಲಾ?’ ನಾನು ಕಾನೂನನ್ನು ಓದಿದವನು. ತರಕೂಡದು, ಅದು ನಮ್ಮ ದೇಶದಲ್ಲಿ ಅಪರಾಧ, ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತೀಯೆ ಎಂದೆ. ಅವನು ಸುಮ್ಮನಾದ. ಮರುದಿನ ಬೆಳಗ್ಗೆ ಅಣ್ಣನ ಸಂಕಟ ನೋಡಲಾರದೆ, ನಾನೇ ಆಸ್ಪತ್ರೆಯ ಎದುರಿನ ಅಂಗಡಿಗೆ ಹೋಗಿ ಒಂದು ಕಟ್ಟು ಬೀಡಿ ಕೊಂಡುತಂದೆ. ಅಂಗಡಿಯವನು ಚಿಲ್ಲರೆ ಎಣಿಸಿಕೊಟ್ಟ. ಯಾವ ಪೋಲೀಸಿನವನೂ ನನ್ನನ್ನು ತಡೆಯಲಿಲ್ಲ.

ವಾಚಕರು ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕಡಿಮೆ ವಿಷವಿದ್ದದ್ದನ್ನು ಬೇಡವೆಂದಾಗ ನಾನು ಕಾನೂನಿಗೆ ತಲೆಬಾಗಿದ ಪ್ರಜೆ. ಹೆಚ್ಚು ವಿಷವಿದ್ದದ್ದನ್ನು ರೋಗಿಯ ಕೈಗೆ ಕೊಟ್ಟಾಗಲೂ ನಾನು ಕಾನೂನಿಗೆ ತಲೆಬಾಗಿದ ಪ್ರಜೆಯೆ! ಇಂಥ ವಿಚಿತ್ರವನ್ನು ಯಾವ ಧರ್ಮಶಾಸ್ತ್ರ ಒಪ್ಪೀತು?

ಕ್ಯಾನ್ಸರ್ ಬಂದೇಬಿಟ್ಟ ಮೇಲೆ ಸೇದಿದರೇನು, ಬಿಟ್ಟರೇನು ಎಂದು ನಮ್ಮ ಜನ ಸಾಮಾನ್ಯವಾಗಿ ಹೇಳುತ್ತಾರೆ. ನೆಂಟರು ಬಂದು, ‘ಪಾಪ, ಇನ್ನೆಷ್ಟು ದಿನ, ಸೇದಲಿ ಬಿಡಿ’ ಎನ್ನುತ್ತಾರೆ. ಇದು ದಯೆಯ ವೇಷ ಹಾಕಿದ ಅಜ್ಞಾನ. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಡಾಲ್ ಮತ್ತು ಹಿಲ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ಎತ್ತಿ ತೋರಿಸಿದ್ದು 1950ರಲ್ಲಿ. ಆಗ ನಮ್ಮ ಬಳ್ಳಾರಿ ಇನ್ನೂ ಮದರಾಸಿನಲ್ಲಿತ್ತು. ಆದರೆ ರೋಗ ಬಂದ ಮೇಲೆ ಬಿಟ್ಟರೂ ಲಾಭವುಂಟೆಂಬ ಮಾತು ಜನರಿಗೆ ಇನ್ನೂ ತಲುಪಿಲ್ಲ. 1993ರಲ್ಲಿ ಕೆನಡದ ವೈದ್ಯರು ತಲೆ ಮತ್ತು ಗಂಟಲಿನ ಕ್ಯಾನ್ಸರಿನ 115 ರೋಗಿಗಳ ವರದಿಯೊಂದನ್ನು ಪ್ರಕಟಿಸಿದರು. ರೇಡಿಯೇಷನ್ ನಡೆಯುತ್ತಿದ್ದಾಗಲೂ ಸೇದುತ್ತಿದ್ದವರಲ್ಲಿ ಗೆಡ್ಡೆ ಪೂರ್ತಿ ಕರಗಿದ್ದು ನೂರಕ್ಕೆ 45 ಮಂದಿಗೆ; ಸೇದದವರಲ್ಲಿ 74 ಮಂದಿಗೆ. ಎರಡು ವರ್ಷದ ನಂತರ ಬದುಕಿದ್ದವರು ಸೇದಿದವರಲ್ಲಿ ನೂರಕ್ಕೆ 39, ಸೇದದವರಲ್ಲಿ 66. ಕಾರಣ ಊಹಿಸುವುದು ಕಷ್ಟವಲ್ಲ. ರೇಡಿಯೇಷನ್ನಿನ ಕಿರಣ ಗೆಡ್ಡೆಯನ್ನು ಕೊಲ್ಲಬೇಕಾದರೆ ಅಲ್ಲಿ ಆಮ್ಲಜನಕ ಬೇಕು. ಬೀಡಿಯ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತವನ್ನು ಹಿಡಿದು ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಲಕ್ಷಗಟ್ಟಲೆ ಖರ್ಚಿನ ಯಂತ್ರ ಒಳಗೆ ಒಂದು ಕಡೆಯಿಂದ ಗುಂಡು ಹಾರಿಸುತ್ತಿದ್ದರೆ, ಹೊರಗಿನ ಅಂಗಡಿಯ ಬೀಡಿ ಇನ್ನೊಂದು ಕಡೆಯಿಂದ ಶತ್ರುವಿಗೆ ಗುರಾಣಿ ಹಿಡಿಯುತ್ತದೆ. 2014ರಲ್ಲಿ ಅಮೆರಿಕದ ಸರ್ಜನ್ ಜನರಲ್ ಅವರ ವರದಿ ಈ ಮಾತನ್ನು ನಿಸ್ಸಂದಿಗ್ಧವಾಗಿ ಹೇಳಿತು: ಕ್ಯಾನ್ಸರ್ ರೋಗಿ ಸೇದುವುದನ್ನು ಮುಂದುವರಿಸಿದರೆ ಸಾವಿನ ಅಪಾಯವೂ, ಎರಡನೆಯದೊಂದು ಕ್ಯಾನ್ಸರ್ ಹುಟ್ಟುವ ಅಪಾಯವೂ ಹೆಚ್ಚು.

ಹಾಗಾದರೆ ಬಿಡಿಸಬೇಕು, ಬಿಡಿಸುವುದು ಹೇಗೆ ಎಂಬುದೇ ಪ್ರಶ್ನೆ. ಇಲ್ಲಿ ಒಂದು ವಿವೇಕ ಅಗತ್ಯ. ಮನುಷ್ಯನನ್ನು ಬೀಡಿಗೆ ಕಟ್ಟಿಹಾಕುವುದು ನಿಕೋಟಿನ್. ಅವನನ್ನು ಕೊಲ್ಲುವುದು ಬಹುಮಟ್ಟಿಗೆ ಹೊಗೆ. ಎಲೆ ಸುಟ್ಟಾಗ ಹುಟ್ಟುವ ಡಾಂಬರಿನಂಥ ಅಂಟು, ವಿಷಾನಿಲಗಳು, ಕ್ಯಾನ್ಸರ್ ತರತಕ್ಕ ಎಪ್ಪತ್ತರಷ್ಟು ರಾಸಾಯನಿಕಗಳು, ಇವೆಲ್ಲ ಬೆಂಕಿಯ ಕೂಸುಗಳು. ಹಗ್ಗವೂ ಕತ್ತಿಯೂ ಒಂದೇ ಅಲ್ಲ. ಇ-ಸಿಗರೇಟಿನಲ್ಲಿ ಬೆಂಕಿಯಿಲ್ಲ. ಒಂದು ಬ್ಯಾಟರಿ, ಒಂದು ತಂತಿಯ ಸುರುಳಿ, ನಿಕೋಟಿನ್ ಬೆರೆಸಿದ ಗ್ಲಿಸರಿನ್ ಮೊದಲಾದ ದ್ರವ, ಕಾಯಿಸಿದರೆ ಆವಿ. ಇದನ್ನು 2003ರ ಸುಮಾರಿಗೆ ರೂಪಿಸಿದವನು ಹೊನ್ ಲಿಕ್ ಎಂಬ ಚೀನದ ಔಷಧತಜ್ಞ. ತಾನೂ ಬಲವಾಗಿ ಸೇದುತ್ತಿದ್ದವನು, ತಂದೆಯನ್ನು ಶ್ವಾಸಕೋಶದ ಕ್ಯಾನ್ಸರಿಗೆ ಕಳೆದುಕೊಂಡವನು. ಆವಿ ನಿರಪಾಯಕಾರಿಯೆ? ಅಲ್ಲ. ಅದರಲ್ಲೂ ಕೆಡುಕಿನ ಪದಾರ್ಥಗಳುಂಟು. ಬೀಡಿ ಸೇದದವನು ಇದನ್ನು ಮುಟ್ಟುವುದು ಮೂರ್ಖತನ. ಇಂಗ್ಲೆಂಡಿನ ಆರೋಗ್ಯ ಸಂಸ್ಥೆ 2015ರಲ್ಲಿ ಇದು ಸಿಗರೇಟಿಗಿಂತ ನೂರಕ್ಕೆ 95ರಷ್ಟು ಕಡಿಮೆ ಹಾನಿಯದೆಂದಿತು. ಆ ಅಂಕಿಯನ್ನು ಹಿಡಿದು ನಾನು ವಾದಿಸುವುದಿಲ್ಲ. ಅದು ತಜ್ಞರ ಅಂದಾಜು, ತಕ್ಕಡಿಯ ತೂಕವಲ್ಲ. ಆದರೆ ಸುಡುವ ಬೀಡಿಗಿಂತ ಸುಡದ ಆವಿ ಕಡಿಮೆ ಕೇಡಿನದೆಂಬ ಮಾತನ್ನು ಅಲ್ಲಗಳೆಯುವುದು ಕಷ್ಟ.

ನಮ್ಮ ಕಾನೂನು ಏನು ಹೇಳುತ್ತದೆ? ಕರ್ನಾಟಕ 2016ರ ಜೂನಿನಲ್ಲಿಯೇ ಇ-ಸಿಗರೇಟಿನ ಮಾರಾಟವನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿ, ಅದೇ ಡಿಸೆಂಬರಿನಲ್ಲಿ ಕಾಯಿದೆ ಮಾಡಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹಿರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ ಮೂರು ವರ್ಷ, ಐದು ಲಕ್ಷ. ಸುಗ್ರೀವಾಜ್ಞೆಯ ಸುದ್ದಿ ಬಂದ ದಿನ ಪೇಟೆಯಲ್ಲಿ ಸಿಗರೇಟು ಕಂಪನಿಗಳ ಷೇರಿನ ಬೆಲೆ ಏರಿತು. ತಂಬಾಕಿನ ಮೇಲೆ ಸಾರಿದ ಯುದ್ಧದಿಂದ ತಂಬಾಕಿನವನಿಗೇ ಸಂತೋಷವಾದರೆ, ಆ ಯುದ್ಧದ ಸೇನಾಪತಿಗಳು ಸ್ವಲ್ಪ ಯೋಚಿಸಬೇಡವೆ? 2016-17ರಲ್ಲಿ ಸರ್ಕಾರವೇ ನಡೆಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹೊಗೆ ಸೇದುವ ವಯಸ್ಕರು ನೂರಕ್ಕೆ 10.7; ಎಂದರೆ ಸುಮಾರು ಹತ್ತು ಕೋಟಿ ಜನ. ಅವರಲ್ಲಿ ಸಿಗರೇಟಿಗಿಂತ ಬೀಡಿಯವರೇ ಹೆಚ್ಚು. ಆ ಬೀಡಿಗೆ 2025ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ಮಂಡಳಿ ತೆರಿಗೆಯನ್ನು ನೂರಕ್ಕೆ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಬೀಡಿ ಕಟ್ಟುವ ಬಡ ಹೆಂಗಸರ ಹೊಟ್ಟೆಪಾಡಿನ ವಾದ ನನಗೆ ಗೊತ್ತು. ಆದರೂ ಕೇಳಬೇಕಾಗುತ್ತದೆ: ಕಟ್ಟುವವರ ಮೇಲೆ ಇಷ್ಟು ಕರುಣೆಯಿದ್ದಲ್ಲಿ, ಸೇದಿ ಸಾಯುವವರ ಪಾಲಿಗೆ ಎಷ್ಟು?

ಈಗ ಎದುರುವಾದಗಳನ್ನು ನೋಡೋಣ. ಅವುಗಳಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ.

ಮೊದಲನೆಯದು ಮಕ್ಕಳ ವಿಷಯ. ಅಮೆರಿಕದಲ್ಲಿ 2019ರಲ್ಲಿ ಪ್ರೌಢಶಾಲೆಯ ನಾಲ್ವರು ಹುಡುಗರಲ್ಲಿ ಒಬ್ಬನಿಗಿಂತ ಹೆಚ್ಚು ಮಂದಿ ಈ ಯಂತ್ರ ಸೇದುತ್ತಿದ್ದರು. ಇದು ಭಯಂಕರ. ಬೀದಿಯ ಮಾರಾಟ ನಮ್ಮಲ್ಲಿ ನಿಷಿದ್ಧವಾಗಿಯೇ ಇರಲಿ; ಈಗ ಕದ್ದು ಮಾರುವವರನ್ನು ಇನ್ನೂ ಬಿಗಿಯಾಗಿ ಹಿಡಿಯಲಿ. ಆದರೆ ರೇಡಿಯೇಷನ್ ವಿಭಾಗದಲ್ಲಿ ಸಾಲಿನಲ್ಲಿ ಕುಳಿತ ಅರವತ್ತು ವರ್ಷದ ಮುದುಕನಿಂದ ಯಾವ ಹುಡುಗ ಕೆಟ್ಟಾನು? ಔಷಧದ ಅಂಗಡಿಯಲ್ಲಿ ನಿದ್ದೆಯ ಮಾತ್ರೆಯಿದೆ. ಮಕ್ಕಳು ತಿಂದರೆ ಸಾಯುತ್ತಾರೆಂದು ಅದನ್ನು ಯಾರೂ ದೇಶದಿಂದ ಓಡಿಸಿಲ್ಲ. ಚೀಟಿಯಿಲ್ಲದೆ ಕೊಡಬೇಡಿ ಎಂದರು, ಅಷ್ಟೆ.

ಎರಡನೆಯದು, ಅಮೆರಿಕದಲ್ಲಿ ಇದನ್ನು ಸೇದಿ ಜನ ಸತ್ತರೆಂಬ ಮಾತು. ನಿಜ. 2020ರ ಫೆಬ್ರವರಿಯ ವೇಳೆಗೆ ಅಲ್ಲಿ 68 ಮಂದಿ ಶ್ವಾಸಕೋಶ ಕೆಟ್ಟು ತೀರಿಕೊಂಡಿದ್ದರು. ಆಸ್ಪತ್ರೆ ಸೇರಿದವರೂ ಸತ್ತವರೂ ಸೇರಿ ಲೆಕ್ಕ 2,807. ವಿಚಾರಣೆ ನಡೆದಾಗ ಕಾರಣವಾಗಿ ಬಲವಾಗಿ ಕಂಡುಬಂದದ್ದು ಕಳ್ಳಪೇಟೆಯ ಗಾಂಜಾ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ. ಕಳ್ಳಭಟ್ಟಿ ಕುಡಿದು ಸತ್ತವರ ಲೆಕ್ಕ ತೋರಿಸಿ ಆಸ್ಪತ್ರೆಯ ಸ್ಪಿರಿಟ್ಟನ್ನು ನಿಷೇಧಿಸಿದಂತಾಯಿತು. ಆ ಪ್ರಕರಣದಿಂದ ಕಲಿಯಬೇಕಾದ ಪಾಠ ಪರೀಕ್ಷೆಯಿಲ್ಲದ ವಸ್ತು ಮಾರಾಟವಾಗಕೂಡದೆಂಬುದು.

ಮೂರನೆಯದು, ಇದು ಸಿಗರೇಟು ಕಂಪನಿಗಳ ಹೊಸ ಬಲೆ ಎಂಬುದು. ಈ ಸಂಶಯ ನನಗೂ ಇದೆ. ಅಮೆರಿಕದ ದೊಡ್ಡ ಸಿಗರೇಟು ಕಂಪನಿ ಆಲ್ಟ್ರಿಯಾ 2018ರಲ್ಲಿ 1,280 ಕೋಟಿ ಡಾಲರು ಸುರಿದು ಜೂಲ್ ಎಂಬ ಇ-ಸಿಗರೇಟು ಕಂಪನಿಯಲ್ಲಿ ಪಾಲು ಕೊಂಡಿತು, ಧರ್ಮಕ್ಕಾಗಿ ಕೊಂಡದ್ದಲ್ಲ. ಆದುದರಿಂದಲೇ ಇದನ್ನು ವ್ಯಾಪಾರಿಯ ಕೈಗೆ ಕೊಡಕೂಡದು, ವೈದ್ಯನ ಕೈಗೆ ಕೊಡಬೇಕು ಎನ್ನುತ್ತೇನೆ.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರವಾದದ್ದು: ಒಂದನ್ನು ಬಿಡಿಸಲು ಹೋಗಿ ಇನ್ನೊಂದನ್ನು ಅಂಟಿಸಿದಂತಾಗುವುದಿಲ್ಲವೆ? ಇಂಗ್ಲೆಂಡಿನಲ್ಲಿ 886 ಜನರನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲ 2019ರಲ್ಲಿ ಹೊರಬಂತು. ಒಂದು ವರ್ಷದ ಮೇಲೆ ನೋಡಿದರೆ ನಿಕೋಟಿನ್ ಗಮ್, ಪಟ್ಟಿ ಮೊದಲಾದವನ್ನು ಬಳಸಿದವರಲ್ಲಿ ಸಿಗರೇಟು ಬಿಟ್ಟಿದ್ದವರು ನೂರಕ್ಕೆ ಸುಮಾರು 10. ಇ-ಸಿಗರೇಟು ಬಳಸಿದವರಲ್ಲಿ 18. ಹೆಚ್ಚುಕಡಿಮೆ ಇಮ್ಮಡಿ. ಆದರೆ ಹಾಗೆ ಬಿಟ್ಟವರಲ್ಲಿ ನೂರಕ್ಕೆ 80 ಮಂದಿ ವರ್ಷದ ಮೇಲೂ ಯಂತ್ರ ಬಿಟ್ಟಿರಲಿಲ್ಲ. ನೂರಕ್ಕೆ 82 ಮಂದಿಗೆ ಯಂತ್ರದಿಂದಲೂ ಸಿಗರೇಟು ಬಿಡಲಾಗಲಿಲ್ಲ. ಇದು ಸಂಜೀವಿನಿಯಲ್ಲ. ಯಂತ್ರವನ್ನೂ ಸೇದಿ ಬೀಡಿಯನ್ನೂ ಸೇದಿದರೆ ಫಲವಿಲ್ಲ. ನಿಕೋಟಿನ್ ರಕ್ತನಾಳಗಳನ್ನು ಬಿಗಿಗೊಳಿಸುವುದರಿಂದ ಶಸ್ತ್ರಕ್ರಿಯೆಯ ಗಾಯ ಮಾಯುವುದಕ್ಕೆ ಅಡ್ಡಿಯಾಗಬಹುದು. ಕ್ಯಾನ್ಸರ್ ರೋಗಿಗಳ ಮೇಲೆಯೇ ನಡೆದ ಪರೀಕ್ಷೆಗಳು ತೀರ ಕಡಿಮೆ. ಇದೆಲ್ಲವನ್ನೂ ಒಪ್ಪುತ್ತೇನೆ. ಒಪ್ಪಿದ ಮೇಲೂ ನನ್ನ ಪ್ರಶ್ನೆ ನಿಂತಲ್ಲೇ ನಿಲ್ಲುತ್ತದೆ. ಎರಡು ಕೆಡುಕುಗಳ ನಡುವೆ ಚಿಕ್ಕದನ್ನು ಆರಿಸುವ ಹಕ್ಕು ಸಾಯುವ ಮನುಷ್ಯನಿಗೆ, ಅವನ ವೈದ್ಯನಿಗೆ ಇರಬೇಕೆ, ಬೇಡವೆ?

ನಾವು ಈ ತಪ್ಪನ್ನು ಹಿಂದೆಯೂ ಒಮ್ಮೆ ಮಾಡಿದ್ದೇವೆ. 1985ರಲ್ಲಿ ಮಾದಕ ವಸ್ತುಗಳ ಕಾಯಿದೆ ಬಂತು. ಉದ್ದೇಶ ಒಳ್ಳೆಯದು. ಆದರೆ ಅದರ ಕಟ್ಟುಕಟ್ಟಳೆಗೆ ಹೆದರಿ ಔಷಧದ ಅಂಗಡಿಗಳೂ ಆಸ್ಪತ್ರೆಗಳೂ ಮಾರ್ಫಿನ್ ಇಡುವುದನ್ನೇ ಬಿಟ್ಟವು. ಅಫೀಮು ಬೆಳೆದು ಹೊರದೇಶಗಳ ಔಷಧಕ್ಕೆ ಮಾರುತ್ತಿದ್ದ ಈ ದೇಶದಲ್ಲಿಯೇ ಕ್ಯಾನ್ಸರ್ ರೋಗಿಗಳು ನೋವಿನಿಂದ ಕೂಗಿ ಸತ್ತರು. ಕಳ್ಳನಿಗೆ ಹಾಕಿದ ಬೀಗ ರೋಗಿಯ ಬಾಗಿಲಿಗೆ ಬಿತ್ತು. ಆ ಕಾಯಿದೆ ತಿದ್ದುಪಡಿಯಾಗಿ ಅಗತ್ಯ ಔಷಧಗಳಿಗೆ ದಾರಿ ಸುಗಮವಾದದ್ದು 2014ರಲ್ಲಿ, ಇಪ್ಪತ್ತೊಂಬತ್ತು ವರ್ಷದ ಮೇಲೆ. ಇನ್ನೊಂದು ಉದಾಹರಣೆ ಕೇಳಿ. ಸೂಜಿಯಿಂದ ಹೆರಾಯಿನ್ ಚುಚ್ಚಿಕೊಳ್ಳುವವರಿಗೆ ನಮ್ಮ ಸರ್ಕಾರವೇ ಕೇಂದ್ರಗಳನ್ನು ತೆರೆದು ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ನಾಲಗೆಯ ಕೆಳಗಿಡಿಸುತ್ತದೆ. ಅದೂ ಅಫೀಮಿನ ಬಳಗದ್ದೆ. ದೊಡ್ಡ ಕೇಡಿನಿಂದ ಚಿಕ್ಕದಕ್ಕೆ ಇಳಿಸುವ ಮೆಟ್ಟಿಲೆಂದು ತಿಳಿದೇ ಕೊಡುತ್ತದೆ. ಹೆರಾಯಿನ್ ವ್ಯಸನಿಗೆ ಸಲ್ಲುವ ವಿವೇಕ ನಮ್ಮ ಜೀನ್ಸ್ ಹೊಲಿಯುವ ಬೀಡಿಯ ಮುದುಕನಿಗೆ ಏಕೆ ಸಲ್ಲಕೂಡದು?

ಇಷ್ಟು ಹೇಳಿ ಸುಮ್ಮನಾದರೆ ಅದು ಬರಿಯ ಗೊಣಗಾಟವಾದೀತು. ನಾನು ಕೇಳುವುದು ಎರಡು.

ಮೊದಲನೆಯದಕ್ಕೆ ಯಾವ ಕಾಯಿದೆಯ ತಿದ್ದುಪಡಿಯೂ ಬೇಡ. ನಿಕೋಟಿನ್ ಗಮ್ ನಮ್ಮ ದೇಶದಲ್ಲಿ ನ್ಯಾಯಸಮ್ಮತ. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಗೆ ಈ ಬಗೆಯ ಚಿಕಿತ್ಸೆಯನ್ನು ಸೇರಿಸಿಯೂ ಆಗಿದೆ. ಹಾಗಿದ್ದಲ್ಲಿ ಕ್ಯಾನ್ಸರ್ ಚಿಕಿತ್ಸೆ ಕೊಡುವ ಪ್ರತಿಯೊಂದು ಆಸ್ಪತ್ರೆಯಲ್ಲಿ, ರೇಡಿಯೇಷನ್ನಿನ ತಾರೀಖು ಬರೆದುಕೊಡುವ ಮೇಜಿನ ಪಕ್ಕದಲ್ಲಿಯೇ, ವ್ಯಸನ ಬಿಡಿಸುವುದಕ್ಕೆ ಒಂದು ಮೇಜು ಏಕೆ ಇರಬಾರದು? ಒಬ್ಬ ತರಬೇತಾದ ನರ್ಸು, ಒಂದು ಡಬ್ಬಿ ಗಮ್, ವಾರಕ್ಕೆ ಅರ್ಧ ಗಂಟೆಯ ಮಾತು. ಸರ್ಕಾರದ ಯೋಜನೆಯಿಂದ ರೇಡಿಯೇಷನ್ನಿಗೆ ಕೊಡುವ ಹಣದ ಮುಂದೆ ಇದರ ಖರ್ಚು ಹುಣಿಸೆಬೀಜಕ್ಕೆ ಸಮ. ನಮ್ಮ ಅಣ್ಣನಿಗೆ ಯಾರಾದರೂ ಗಮ್ಮಿನ ಹೆಸರನ್ನಾದರೂ ಹೇಳಿದ್ದರೆ! ನನಗೂ ಆಗ ಗೊತ್ತಿರಲಿಲ್ಲ. ಬೈಯುವುದು ಗೊತ್ತಿತ್ತು.

ಎರಡನೆಯದು, ಗಮ್ಮು ಮಾತ್ರೆಗಳಿಂದಲೂ ಆಗದವರ ವಿಷಯ. ಇಲ್ಲಿ ವಾಚಕರಿಗೆ ಒಂದು ಸಂಗತಿ ತಿಳಿಸಬೇಕು. ಭಾಷಣಕಾರರು ಇದನ್ನು ಹೇಳುವುದಿಲ್ಲ. 2019ರ ಕಾಯಿದೆ ಇ-ಸಿಗರೇಟೆಂದರೆ ಏನೆಂದು ವಿವರಿಸುವಾಗ, 1940ರ ಔಷಧ ಮತ್ತು ಪ್ರಸಾಧನ ಕಾಯಿದೆಯ ಪ್ರಕಾರ ಲೈಸೆನ್ಸು ಪಡೆದ ವಸ್ತುಗಳನ್ನು ಆ ವಿವರಣೆಯಿಂದ ಹೊರಗಿಟ್ಟಿದೆ. ಎಂದರೆ ಶಾಸನ ಬರೆದವರೇ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು ಬಿಟ್ಟಿದ್ದಾರೆ. ಔಷಧವೆಂದು ಪರೀಕ್ಷೆ ಮಾಡಿ, ಔಷಧವೆಂದು ಲೈಸೆನ್ಸು ಕೊಟ್ಟರೆ ನಿಷೇಧ ಅದಕ್ಕೆ ತಗಲುವುದಿಲ್ಲ. ಆ ಬಾಗಿಲನ್ನು ತೆರೆಯಿರಿ ಎನ್ನುತ್ತೇನೆ. 1973ರಿಂದ ಕೆಲಸ ಮಾಡುತ್ತಿರುವ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ದೊಡ್ಡ ಸಂಸ್ಥೆಗಳ ವೈದ್ಯರು ಮನಸ್ಸು ಮಾಡಿದರೆ ನಮ್ಮ ರೋಗಿಗಳ ಮೇಲೆಯೇ, ಅವರ ಒಪ್ಪಿಗೆ ಪಡೆದು, ಕ್ರಮಬದ್ಧವಾದ ಪರೀಕ್ಷೆ ನಡೆಸಬಲ್ಲರು. ಉಪಯೋಗವಿಲ್ಲವೆಂದು ಗೊತ್ತಾದರೆ ನಾನೇ ಮೊದಲು ಬಾಯಿ ಮುಚ್ಚುತ್ತೇನೆ. ಉಪಯೋಗವಿದೆಯೆಂದಾದರೆ, ಹಣ್ಣಿನ ಪರಿಮಳವಿಲ್ಲದೆ, ಬಣ್ಣದ ಡಬ್ಬಿಯಿಲ್ಲದೆ, ಆಸ್ಪತ್ರೆಯ ಔಷಧಾಲಯದಿಂದಲೇ, ಚೀಟಿಯ ಮೇಲೆ, ಇಷ್ಟೇ ತಿಂಗಳೆಂಬ ಅವಧಿ ಹಾಕಿ ಕೊಡಲಿ. ಆಸ್ಟ್ರೇಲಿಯ 2024ರಿಂದ ಇದನ್ನು ಔಷಧದ ಅಂಗಡಿಗಳಿಗಷ್ಟೇ ಸೀಮಿತಗೊಳಿಸಿದೆ. ಅಲ್ಲಿ ಕಳ್ಳಪೇಟೆಯ ಕಾಟ ತಪ್ಪಿಲ್ಲವೆಂಬುದೂ ನಮಗೆ ಎಚ್ಚರಿಕೆಯಾಗಬೇಕು. ಇಂಗ್ಲೆಂಡು ದೊಡ್ಡವರಿಗೆ ಇದನ್ನು ಬಿಡುವ ಸಾಧನವೆನ್ನುತ್ತಲೇ, 2025ರ ಜೂನ್ 1ರಿಂದ ಸೇದಿ ಬಿಸಾಡುವ ಬಗೆಯನ್ನು ನಿಲ್ಲಿಸಿತು. ಒಂದೇ ಕೈಯಲ್ಲಿ ತಡೆಯುವುದೂ ಕೊಡುವುದೂ ಸಾಧ್ಯ.

ಜಗಿಯುವ ತಂಬಾಕಿನವರಿಗೆ ಇದರಿಂದ ಏನೂ ಆಗದೆಂಬುದನ್ನೂ ಹೇಳಿಬಿಡುತ್ತೇನೆ. ಆ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸೇದುವವರು ನೂರಕ್ಕೆ 8.8, ಜಗಿಯುವವರು 16.3. ಅದು ಬೇರೆಯೇ ಒಂದು ದೊಡ್ಡ ಕಥೆ. ಅವರಿಗೂ ಆ ಮೊದಲನೆಯ ಮೇಜು ಬೇಕೇ ಬೇಕು.

ಅಣ್ಣ 2024ರಲ್ಲಿ ತೀರಿಕೊಂಡ. ರೋಗ ಮರುಕಳಿಸಿತ್ತು. ಮಗ ಆ ಯಂತ್ರ ತಂದಿದ್ದರೆ ಅವನು ಬದುಕುತ್ತಿದ್ದನೆಂದು ನಾನು ಹೇಳುವುದಿಲ್ಲ, ಹೇಳಿದರೆ ಸುಳ್ಳಾಗುತ್ತದೆ. ಬಹುಶಃ ಎರಡು ದಿನ ಸೇದಿ, ‘ಇದರಾಗ ಏನೂ ರುಚಿ ಇಲ್ಲೋ’ ಎಂದು ಮೂಲೆಗೆ ಎಸೆಯುತ್ತಿದ್ದನೇನೊ. ನನ್ನ ಮನಸ್ಸನ್ನು ಕೊರೆಯುವುದು ಅದಲ್ಲ. ಏಳು ವಾರದಲ್ಲಿ ಅವನಿಗೆ ಬೀಡಿ ತಂದುಕೊಟ್ಟ ಕೈ ನನ್ನದು; ಬೀಡಿಯಲ್ಲದ ಇನ್ನೊಂದು ದಾರಿ ಕೇಳಿಬಂದಾಗ ಬೇಡವೆಂದ ಬಾಯಿಯೂ ನನ್ನದೆ. ಎರಡಕ್ಕೂ ಕಾನೂನು ನನ್ನ ಬೆನ್ನಿಗಿತ್ತು.

ಕೌಲು ಎಂಬ ಮಾತಿಗೆ ಕರಾರು, ಕೊಟ್ಟ ಭಾಷೆ ಎಂದು ಅರ್ಥ. ಆ ಹೆಸರಿನ ಪೇಟೆಯಲ್ಲಿ ಹುಟ್ಟಿ ಬೆಳೆದವನು ನಾನು. ಸರ್ಕಾರಕ್ಕೂ ರೋಗಿಗೂ ನಡುವೆ ಬರೆಯದ ಕೌಲೊಂದು ಇರುತ್ತದೆ: ನಿನ್ನನ್ನು ಉಳಿಸಲು ಏನಾದೀತೋ ಅದನ್ನು ಪರೀಕ್ಷೆಯನ್ನಾದರೂ ಮಾಡಿ ನೋಡುತ್ತೇವೆ ಎಂಬುದು. ನಮ್ಮ ಓಣಿಯಲ್ಲಿ ಈಗಲೂ ಹೊಲಿಗೆಯವರು ಮಧ್ಯಾಹ್ನ ಹೊರಗೆ ಬಂದು ಅದೇ ಗೋಡೆಯ ನೆರಳಿನಲ್ಲಿ ನಿಂತು ಬೀಡಿ ಹಚ್ಚುತ್ತಾರೆ. ಅವರಲ್ಲಿ ಇಬ್ಬರ ದನಿ ಒಡೆದಿದೆ. ಮುಂದಿನ ಮೇ 31ಕ್ಕೆ ಭಾಷಣಕ್ಕೆ ಬರುವ ಮಹನೀಯರು ಸಭಾಂಗಣಕ್ಕೆ ಹೋಗುವ ಮೊದಲು ದಯಮಾಡಿ ಈ ಗೋಡೆಯ ಹತ್ತಿರ ಬರಬೇಕು. ಇವರಿಗೆ ‘ಬಿಟ್ಟುಬಿಡಿ’ ಎನ್ನುವುದರ ಜೊತೆಗೆ ಕೈಯಲ್ಲಿ ಏನು ಕೊಡುತ್ತೀರಿ ಎಂಬುದನ್ನೂ ಹೇಳಬೇಕು.